ಸೀಸೆಯ ಲೆಕ್ಕ, ಅವ್ವನ ಹೆಪ್ಪು

ಮನೆಯಲ್ಲೇ ಕಲರ್ ರೋಲು ತೊಳೆಯುವ ನನ್ನ ಹುಚ್ಚಿನ ಬಗ್ಗೆ ಹೋದ ಸಲ ಇದೇ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ. ‘ಒಮ್ಮೆ ಕಲಸಿದ ಕೆಮಿಕಲ್ ಎಷ್ಟು ರೋಲಿಗೆ ಬರುತ್ತೆ? ಚೆಲ್ಲೋಕೆ ಮನಸ್ಸು ಬರಲ್ಲ.’

ನನಗೂ ಬರುತ್ತಿರಲಿಲ್ಲ. ಚೆಲ್ಲೋಕೆ ಮನಸ್ಸು ಬಾರದೇ ನಮ್ಮವ್ವನ ಒಂದು ರೋಲು ಫೋಟೋ ಕಳೆದುಕೊಂಡೆ. ಆ ಕತೆ ಬಿಟ್ಟು ಉತ್ತರ ಬರೆದರೆ ನೀವೂ ನನ್ನಂಗೇ ಓದಿ ಮರೆತುಬಿಡ್ತೀರಿ. ಅದಕ್ಕೇ ಎರಡನ್ನೂ ಬರೆಯುತ್ತಿದ್ದೇನೆ.

ನಮ್ಮೂರು ಹೊಳೆಮಣ್ಣೂರ. ರೋಣ ತಾಲ್ಲೂಕು, ಮಲಪ್ರಭೆಯ ದಂಡೆ. ನಾನು 1998ರಿಂದ ಒಂಬತ್ತು ವರ್ಷ ಹುಬ್ಬಳ್ಳಿಯ ಒಂದು ಕಲರ್ ಲ್ಯಾಬಿನಲ್ಲಿ ಮಷಿನ್ ಮುಂದೆ ನಿಂತವನು. ಮದುವಿ ಸೀಸನ್ನಿನಲ್ಲಿ ಗದಗ, ನರಗುಂದ, ನವಲಗುಂದ, ಬಾದಾಮಿ ಕಡೆಯ ಸ್ಟುಡಿಯೋದವರು ಚೀಲ ತುಂಬಿ ರೋಲು ತರುತ್ತಿದ್ದರು. ಡಿಜಿಟಲ್ ಬಂತು, ರೋಲು ನಿಂತವು, ನಾನು ಊರಿಗೆ ಬಂದು ಹೊಲ ಹಿಡಿದೆ. ಅದಾಗಿ ಎರಡು ವರ್ಷಕ್ಕೆ ಹೊಳಿ ಬಂತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಆ ನೆರೆಯನ್ನು ಈ ಕಡೆಯವರಿಗೆ ನೆನಪು ಮಾಡಿಕೊಡಬೇಕಿಲ್ಲ. ನಮ್ಮ ಮನಿಯೊಳಗೆ ಎದಿಮಟ ನೀರು. ಜೋಳದ ಚೀಲ ಹೋದವು, ಹಾಸಿಗೆ ಹೋದವು. ಟ್ರಂಕಿನಲ್ಲಿದ್ದ ಆಲ್ಬಮ್ಮು, ನೆಗೆಟಿವ್ ಎಲ್ಲಾ ಕೆಸರಿನಲ್ಲಿ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಊರಿನವರ ಮದುವಿ ಫೋಟೋ ತೊಳೆದುಕೊಟ್ಟವನ ಮನೆಯಲ್ಲೇ ಅವ್ವನ ಫೋಟೋ ಅಂತ ಉಳಿದದ್ದು ಗುರುತಿನ ಚೀಟಿಯಲ್ಲಿದ್ದ ಒಂದು.

ನನ್ನ ಹಳೇ ನಿಕಾನ್ ಎಫ್‌ಎಂ10 ಮಾತ್ರ ಬಚಾವಾಗಿತ್ತು. ಅವತ್ತು ಅದು ಹುಬ್ಬಳ್ಳಿಯ ರಿಪೇರಿ ಅಂಗಡಿಯಲ್ಲಿತ್ತು.

2020ರ ಲಾಕ್‌ಡೌನಿನಲ್ಲಿ ಮಗಳು ಆ ಕ್ಯಾಮೆರಾ ಹುಡುಕಿ ತೆಗೆದಳು. ‘ಅಪ್ಪಾ, ಇದಕ್ಕ ರೋಲು ಇನ್ನೂ ಸಿಗ್ತಾವಂತ.’ ಸಿಕ್ಕವು. ತೊಳೆಯೋರು ಸಿಗಲಿಲ್ಲ. ಕೊರಿಯರ್ ಮಾಡಿ ಬೆಂಗಳೂರಿಗೆ ಕಳಿಸಬೇಕು, ವಾರಗಟ್ಟಲೆ ಕಾಯಬೇಕು. ‘ಒಂಬತ್ತು ವರ್ಷ ಅದನ್ನೇ ಮಾಡೀಯಲ್ಲ, ಮನಿಯಾಗ ಮಾಡಾಕ ಬರೂದಿಲ್ಲೇನು?’ ಅಂದಳು. ಒಂದು ಲೀಟರಿನ ಕಿಟ್ ತರಿಸಿದೆವು. ಬಚ್ಚಲ ಮನೆ ನಮ್ಮ ಲ್ಯಾಬ್ ಆಯಿತು.

ಇಲ್ಲಿ ಸ್ವಲ್ಪ ಕೆಲಸದ ಮಾತು. ಕಲರ್ ನೆಗೆಟಿವ್ ತೊಳೆಯುವ ಪದ್ಧತಿಗೆ ಸಿ-41 ಅನ್ನುತ್ತಾರೆ. ಕೊಡಕ್ ಕಂಪನಿ 1972ರಲ್ಲಿ ತಂದದ್ದು. ಆಮೇಲೆ ಜಗತ್ತೆಲ್ಲಾ ಅದನ್ನೇ ಹಿಡಿಯಿತು. ಮುಖ್ಯ ಔಷಧ ಮೂರು. ಮೊದಲು ಡೆವಲಪರ್, ಆಮೇಲೆ ಬ್ಲೀಚ್, ಆಮೇಲೆ ಫಿಕ್ಸರ್. ಕೊನೆಗೆ ಒಂದು ಜಾಲಾಡುವ ನೀರು. ಡೆವಲಪರಿನಲ್ಲಿ ಇರುವ ಹೊತ್ತು ಮೂರು ನಿಮಿಷ ಹದಿನೈದು ಸೆಕೆಂಡು, ಉಷ್ಣತೆ 37.8 ಡಿಗ್ರಿ. ಅಂದರೆ ಜ್ವರ ಬಂದ ಮೈ ಬಿಸಿ. ಬೇರೆ ದೇಶದವರು ಈ ಬಿಸಿಗೆ ಹೀಟರ್ ಇಟ್ಟು ಒದ್ದಾಡುತ್ತಾರಂತೆ. ನಮ್ಮ ಕಡೆ ಮೇ ತಿಂಗಳಲ್ಲಿ ಛಾವಣಿ ಮೇಲಿನ ಟ್ಯಾಂಕಿನ ನೀರು ತಾನೇ ಅಷ್ಟು ಕಾದಿರುತ್ತೆ. ಎಷ್ಟೋ ಸಲ ಹರವಿಯ ತಣ್ಣೀರು ಬೆರೆಸಿ ಇಳಿಸಬೇಕಾಗುತ್ತೆ.

ಡೆವಲಪರ್ ಮಾಡುವ ಕೆಲಸ ದೊಡ್ಡದು. ಫಿಲ್ಮಿನಲ್ಲಿ ಬೆಳಕು ಬಿದ್ದ ಹರಳನ್ನು ಅದು ಕಪ್ಪು ಬೆಳ್ಳಿಯಾಗಿಸುತ್ತೆ. ಹಾಗೆ ಮಾಡುವಾಗ ತಾನು ಸವೆಯುತ್ತೆ. ಸವೆದ ಆ ಅಂಶವೇ ಫಿಲ್ಮಿನ ಪದರಗಳಲ್ಲಿ ಮೊದಲೇ ಇಟ್ಟ ವಸ್ತುಗಳ ಜೊತೆ ಕೂಡಿ ಹಳದಿ, ಮಜೆಂಟಾ, ಸಯಾನ್ ಎಂಬ ಮೂರು ಬಣ್ಣ ಹುಟ್ಟಿಸುತ್ತೆ. ಬಣ್ಣ ಬಂದ ಮೇಲೆ ಬೆಳ್ಳಿ ಬೇಡ. ಬ್ಲೀಚ್ ಅದನ್ನು ಮತ್ತೆ ಕರಗಬಲ್ಲ ರೂಪಕ್ಕೆ ತರುತ್ತೆ, ಫಿಕ್ಸರ್ ಕರಗಿಸಿ ತೆಗೆಯುತ್ತೆ. ಉಳಿಯೋದು ಬಣ್ಣ ಮಾತ್ರ.

ಅಂದರೆ ಪ್ರತಿ ರೋಲಿಗೂ ಡೆವಲಪರಿನಲ್ಲಿ ಎರಡು ಸಂಗತಿ ನಡೆಯುತ್ತವೆ. ಒಂದು, ಔಷಧದ ಸತ್ವ ಖರ್ಚಾಗುತ್ತೆ. ಎರಡು, ಫಿಲ್ಮಿನಿಂದ ಬ್ರೋಮೈಡ್ ಅನ್ನುವ ಉಪ್ಪು ಇಳಿದು ಸೀಸೆಯಲ್ಲಿ ಕೂಡುತ್ತಾ ಹೋಗುತ್ತೆ. ಅದು ಮುಂದಿನ ರೋಲಿನ ಕೆಲಸಕ್ಕೆ ಬ್ರೇಕು ಹಾಕುತ್ತೆ. ಇವೆರಡರ ಜೊತೆ ಮೂರನೆಯ ಕಳ್ಳ ಗಾಳಿ. ರೋಲು ತೊಳೆಯದೆ ಸುಮ್ಮನೆ ಇಟ್ಟರೂ ಅರ್ಧ ಖಾಲಿ ಸೀಸೆಯೊಳಗಿನ ಗಾಳಿ ಡೆವಲಪರನ್ನು ತಿನ್ನುತ್ತಲೇ ಇರುತ್ತೆ.

ಇದೆಲ್ಲಾ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಲ್ಯಾಬಿನಲ್ಲಿ ಈ ಲೆಕ್ಕವನ್ನು ಮಷಿನ್ ನೋಡಿಕೊಳ್ಳುತ್ತಿತ್ತು. ಎಷ್ಟು ಫಿಲ್ಮು ಒಳಗೆ ಹೋಯಿತು ಅಂತ ಅಳೆದು, ಅದಕ್ಕೆ ತಕ್ಕಷ್ಟು ಹೊಸ ಔಷಧವನ್ನು ಪಂಪು ತಾನೇ ಬಿಡುತ್ತಿತ್ತು. ಅಷ್ಟೇ ಹಳೇ ಔಷಧ ಮೇಲಿಂದ ಹರಿದು ಕ್ಯಾನಿಗೆ ಬೀಳುತ್ತಿತ್ತು. ಹಾಗೆ ತುಂಬುವ ಔಷಧಕ್ಕೆ ರಿಪ್ಲೆನಿಶರ್ ಅಂತ ಹೆಸರು. ನಾವು ಹುಡುಗರು ‘ಮಷಿನ್ ನೀರು ಕುಡೀತು’ ಅಂತಿದ್ದೆವು. ಮುಂಜಾನೆ ಬಂದ ಕೂಡಲೇ ಒಂದು ಪರೀಕ್ಷೆಯ ಪಟ್ಟಿ ತೊಳೆದು, ಯಂತ್ರದಲ್ಲಿ ಅಳೆದು, ಗೆರೆ ಸರಿ ಇದ್ದರೆ ಮಾತ್ರ ಗಿರಾಕಿಯ ರೋಲು ಮುಟ್ಟಬೇಕು. ಅದು ಅಲ್ಲಿಯ ಶಿಸ್ತು. ಮನೆಗೆ ಬಂದ ಮೇಲೆ ಮಷಿನ್ನೂ ಇಲ್ಲ, ಪಟ್ಟಿಯೂ ಇಲ್ಲ, ಕೇಳುವ ಮಾಲೀಕನೂ ಇಲ್ಲ.

2022ರ ಗಣಪತಿ ಹಬ್ಬಕ್ಕೆ ಮುಂಚೆ ಒಂದು ಕಿಟ್ ಕಲಸಿದ್ದೆ. ಅದರ ಚೀಟಿಯಲ್ಲಿ ಎಂಟು ರೋಲು ಅಂತ ಬರೆದಿತ್ತು. ಎಂಟು ಆದವು, ಚೆನ್ನಾಗೇ ಬಂದವು. ಒಂಬತ್ತು, ಹತ್ತು ಮಾಡಿದೆ. ಪ್ರತಿ ರೋಲಿಗೆ ಒಂದಿಷ್ಟು ಸೆಕೆಂಡು ಹೆಚ್ಚಿಗೆ ಕೊಡುತ್ತಾ ಹೋದೆ. ‘ಎಂಟು ಅಂತ ಕಂಪನಿಯವರು ಇನ್ನೊಂದು ಕಿಟ್ ಮಾರಾಕ ಬರೀತಾರ’ ಅಂತ ಮಗಳಿಗೆ ಹೇಳಿದೆ. ಹನ್ನೆರಡೂ ಆದವು.

ಆ ದೀಪಾವಳಿ ಪಾಡ್ಯದ ದಿನ ಅವ್ವ ಹಟ ಹಿಡಿದಳು, ಹಳೇ ಮನಿ ನೋಡಬೇಕಂತ. ನೆರೆ ಆದ ಮೇಲೆ ನಾವು ಇರೋದು ಆಸರೆ ಮನೆಯಲ್ಲಿ. ಹೊಳಿ ಕಡೆಯ ಹಳೇ ಮನೆಯ ಗೋಡೆ ಅರ್ಧ ನಿಂತಿದೆ, ಕಟ್ಟಿ ಇನ್ನೂ ಗಟ್ಟಿ ಇದೆ. ಮಗಳು ಕ್ಯಾಮೆರಾ ತಗೊಂಡು ಜೊತೆಗೆ ಹೋದಳು. ಅವ್ವ ಕಟ್ಟಿ ಮೇಲೆ ಕೂತಳು, ಒಲಿ ಇದ್ದ ಜಾಗ ತೋರಿಸಿದಳು, ದನದ ಗ್ವಾದಲಿ ಮುಟ್ಟಿದಳು, ಕಿಟಕಿಯಿಂದ ಹೊರಗೆ ನೋಡಿದಳು. ಹುಡುಗಿ ಇಡೀ ರೋಲು ಅವಳ ಮೇಲೇ ಮುಗಿಸಿದಳು.

ನವೆಂಬರ್ ಕೊನೆಗೆ ಆ ರೋಲು ತೊಳೆಯಲು ತೆಗೆದೆ. ಸೀಸೆ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು. ಔಷಧ ಕಡಕ್ ಚಹಾದ ಬಣ್ಣಕ್ಕೆ ತಿರುಗಿತ್ತು. ಮಗಳು ನೋಡಿ, ‘ಅಪ್ಪಾ, ಹೊಸಾದು ತರಿಸೋಣ’ ಅಂದಳು. ‘ಇನ್ನೊಂದು ರೋಲು ಬರ್ತೈತಿ ಬಿಡವ್ವಾ, ಹೊತ್ತು ಹೆಚ್ಚಿಗಿ ಕೊಟ್ರಾತು’ ಅಂದೆ.

ಟ್ಯಾಂಕಿನಿಂದ ಫಿಲ್ಮು ತೆಗೆದು ಬೆಳಕಿಗೆ ಹಿಡಿದಾಗ ಬರೀ ಕಿತ್ತಳೆ ಬಣ್ಣದ ಪಟ್ಟಿ ಕಂಡಿತು. ಕಣ್ಣು ಕಿರಿದು ಮಾಡಿ ನೋಡಿದರೆ ಮಬ್ಬು ಮಬ್ಬು ಆಕಾರ. ಸ್ಕ್ಯಾನ್ ಮಾಡಿದರೆ ಅವ್ವನ ಮುಖ ಹಸಿರು, ನೆರಳೆಲ್ಲಾ ಕೆಂಪು, ಸೀರೆಯ ಬಣ್ಣ ಯಾವುದಂತ ಗೊತ್ತಾಗದು. ಹೊತ್ತು ಹೆಚ್ಚಿಗೆ ಕೊಟ್ಟರೆ ಸರಿಹೋಗುತ್ತೆ ಅನ್ನೋದು ಒಂದು ಮಿತಿಯವರೆಗೆ ಮಾತ್ರ. ಫಿಲ್ಮಿನಲ್ಲಿ ಪದರದ ಮೇಲೆ ಪದರ ಇರುತ್ತವೆ. ದಣಿದ ಔಷಧ ಮೇಲಿನ ಪದರಕ್ಕೂ ಅಡಿಯ ಪದರಕ್ಕೂ ಒಂದೇ ಸಮ ಕೆಲಸ ಮಾಡುವುದಿಲ್ಲ. ಒಂದು ಬಣ್ಣ ಮುಂದೆ, ಒಂದು ಬಣ್ಣ ಹಿಂದೆ ಆಗುತ್ತೆ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಎಳೆದರೂ ಮೂರೂ ಒಂದು ಸಾಲಿಗೆ ಬರೋದಿಲ್ಲ.

ಮಗಳು ಏನೂ ಅನ್ನಲಿಲ್ಲ. ನಾನೇ ಅಂದೆ: ‘ಎಳ್ಳಮಾಸಿಗೆ ಚರಗ ಚೆಲ್ಲಾಕ ಅಜ್ಜಿ ಹೊಲಕ್ಕ ಬರ್ತಾಳಲ್ಲ, ಅವಾಗ ಮತ್ತ ತೆಗೀಯಂತಿ.’

ಎಳ್ಳಮಾಸಿ ಬಂತು. ಅವ್ವ ಅದಕ್ಕೆ ಹನ್ನೊಂದು ದಿನ ಮುಂಚೆ ಹೋಗಿಬಿಟ್ಟಿದ್ದಳು.

ದಿನಕಾರ್ಯ ಎಲ್ಲಾ ಮುಗಿದ ಮೇಲೆ ಹೊಸ ಕಿಟ್ ತರಿಸಿದೆ. ಆ ನೆಗೆಟಿವನ್ನು ಮತ್ತೆ ಹೊಸ ಬ್ಲೀಚಿಗೆ, ಹೊಸ ಫಿಕ್ಸರಿಗೆ ಹಾಕಿ ನೋಡಿದೆ. ಹಾಗೆ ಮಾಡುವುದಕ್ಕೆ ಕಾರಣ ಇತ್ತು. ಬ್ಲೀಚ್ ಸಾಲದೆ ಬೆಳ್ಳಿ ಒಳಗೇ ಉಳಿದಿದ್ದರೆ, ಎಷ್ಟೋ ದಿನದ ಮೇಲೂ ಮತ್ತೊಮ್ಮೆ ಬ್ಲೀಚ್, ಫಿಕ್ಸ್ ಮಾಡಿ ಸರಿಪಡಿಸಬಹುದು. ಲ್ಯಾಬಿನಲ್ಲಿ ಹಾಗೆ ಉಳಿಸಿದ ರೋಲುಗಳಿದ್ದವು. ಆದರೆ ಅವ್ವನ ರೋಲಿನಲ್ಲಿ ಏನೂ ಬದಲಾಗಲಿಲ್ಲ. ತಪ್ಪು ಆಗಿದ್ದು ಡೆವಲಪರಿನಲ್ಲಿ. ಹುಟ್ಟದ ಬಣ್ಣವನ್ನು ಆಮೇಲೆ ಹುಟ್ಟಿಸುವ ಔಷಧ ಇಲ್ಲ.

ಓದುಗರ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದೇ. ಮೂರು ಸೀಸೆಯಲ್ಲಿ ಜಿಪುಣತನ ಮಾಡಬಹುದಾದದ್ದು ಎರಡರಲ್ಲಿ. ಡೆವಲಪರಿನಲ್ಲಿ ಮಾಡಬಾರದು. ಉಳಿದ ಎರಡರ ತಪ್ಪಿಗೆ ಸಾಮಾನ್ಯವಾಗಿ ಇನ್ನೊಂದು ಅವಕಾಶ ಇದೆ, ಇದರ ತಪ್ಪಿಗಿಲ್ಲ.

ಹಾಗಾದರೆ ಪ್ರತಿ ಸಲ ಚೆಲ್ಲಬೇಕಾ? ಬೇಕಿಲ್ಲ. ಅದನ್ನು ನನಗೆ ಮತ್ತೆ ನೆನಪು ಮಾಡಿಕೊಟ್ಟದ್ದು ನಮ್ಮನಿಯಾಕಿ. ಒಂದು ಸಂಜೆ ಅಡಿಗಿ ಮನಿಯಲ್ಲಿ ಮೊಸರಿನ ಗಡಗಿ ತೊಳೆಯುವ ಮುಂಚೆ ಒಂದು ಬಟ್ಟಲಿಗೆ ನಾಲ್ಕು ಚಮಚ ಮೊಸರು ತೆಗೆದಿಟ್ಟಳು. ‘ಅತ್ತಿ ಇದನ್ನ ಎಂದೂ ಬಳದು ಮುಗಿಸಾಕ ಬಿಡ್ತಿದ್ದಿಲ್ಲ ನೋಡ್ರಿ. ನಾಳಿಗಿ ಹೆಪ್ಪಿಗೆ ಬೇಕು ಅಂತಿದ್ರು’ ಅಂದಳು. ಹೌದು. ಅವ್ವ ನೆರೆಯ ವಾರದಲ್ಲಿ ಗಂಜಿ ಕೇಂದ್ರದಲ್ಲಿದ್ದಾಗಲೂ ಯಾರಿಂದಲೋ ಹೆಪ್ಪು ಇಸ್ಕೊಂಡು ಬಂದಿದ್ದಳು.

ರಿಪ್ಲೆನಿಶ್ ಮಾಡೋದು ಹೆಚ್ಚು ಕಡಿಮೆ ಇದೇ ಕೆಲಸ. ಹಳೇದರಲ್ಲಿ ಸ್ವಲ್ಪ ತೆಗಿ, ಹೊಸದು ಅಷ್ಟೇ ಹಾಕು, ಗಡಗಿ ಎಂದೂ ಖಾಲಿ ಆಗಬಾರದು. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಹೆಪ್ಪಿನಲ್ಲಿ ಜೀವ ಇದೆ, ತಾನೇ ಬೆಳೆಯುತ್ತೆ, ಲೆಕ್ಕ ತಪ್ಪಿದರೂ ಮೊಸರಾಗುತ್ತೆ. ಡೆವಲಪರಿನಲ್ಲಿ ಜೀವ ಇಲ್ಲ. ನೀವು ಹಾಕಿದಷ್ಟೇ ಅದರಲ್ಲಿರುತ್ತೆ.

ನಾನು ಮಾಡುವ ರೀತಿ ಹೇಳುತ್ತೇನೆ. ಡೆವಲಪರ್ ಒಂದು ಲೀಟರಿನ ಸೀಸೆಯಲ್ಲಿ ಕತ್ತಿನವರೆಗೂ ತುಂಬಿರುತ್ತೆ. ರಿಪ್ಲೆನಿಶರ್ ಬೇರೆ ಸಣ್ಣ ಸೀಸೆಗಳಲ್ಲಿ. ಮೂವತ್ತಾರರ ಒಂದು ರೋಲು ತೊಳೆದ ಮೇಲೆ ಮೊದಲು 50 ಮಿ.ಲೀ. ರಿಪ್ಲೆನಿಶರ್ ಅನ್ನು ಖಾಲಿ ಸೀಸೆಗೆ ಹಾಕುತ್ತೇನೆ, ಆಮೇಲೆ ಟ್ಯಾಂಕಿನ ಔಷಧವನ್ನು ಅದರ ಮೇಲೆ ಸುರಿಯುತ್ತೇನೆ. ಸೀಸೆ ತುಂಬಿ ಉಳಿದದ್ದೇ ಹೊರಗೆ ಹಾಕಬೇಕಾದ ಪಾಲು. ಹೀಗೆ ಮಾಡಿದರೆ ತೆಗೆಯೋದೂ ಹಾಕೋದೂ ತಾನೇ ಸರಿಹೊಂದುತ್ತೆ. 50 ಅನ್ನುವುದು ನಾನು ತರಿಸುವ ಔಷಧಕ್ಕೆ ನನಗೆ ಹೊಂದಿದ ಅಳತೆ. ನಿಮ್ಮ ಡಬ್ಬಿಯ ಚೀಟಿಯಲ್ಲಿ ಬೇರೆ ಇದ್ದರೆ ಅದನ್ನೇ ನಂಬಿ.

ಮಗಳು ಆಗ ಪಿಯುಸಿ. ಅವಳು ಲೆಕ್ಕ ಹಾಕಿ ತೋರಿಸಿದಳು. ಲೀಟರಿಗೆ 50 ಮಿ.ಲೀ. ಅಂದರೆ ನೂರಕ್ಕೆ ಐದು. ಇಪ್ಪತ್ತು ರೋಲು ಆಗುವಷ್ಟರಲ್ಲಿ ಒಂದು ಲೀಟರ್ ಹೊಸ ಔಷಧ ಒಳಗೆ ಹೋಗಿರುತ್ತೆ. ಆದರೂ ಮೊದಲ ದಿನ ಹಾಕಿದ್ದರಲ್ಲಿ ನೂರಕ್ಕೆ 36ರಷ್ಟು ಇನ್ನೂ ಸೀಸೆಯಲ್ಲೇ ಇರುತ್ತೆ. ಹಳೇದು ಪೂರ್ತಿ ಹೋಗೋದೇ ಇಲ್ಲ, ಕಡಿಮೆ ಆಗುತ್ತಾ ಹೋಗುತ್ತೆ ಅಷ್ಟೇ. ಹಳೇದು ಉಳಿಯೋದು ಇಲ್ಲಿ ದೋಷ ಅಲ್ಲ. ಫಿಲ್ಮಿನಿಂದ ಇಳಿದ ಬ್ರೋಮೈಡ್ ಒಂದು ಮಟ್ಟಕ್ಕೆ ನಿಂತು, ಪ್ರತಿ ರೋಲೂ ಒಂದೇ ಥರ ಬರಲು ಅದೇ ಕಾರಣ. ಅದಕ್ಕೇ ಕಂಪನಿಯವರು ರಿಪ್ಲೆನಿಶರಿನಿಂದ ಹೊಸದಾಗಿ ಸೀಸೆ ತುಂಬುವಾಗ ‘ಸ್ಟಾರ್ಟರ್’ ಅಂತ ಒಂದು ಸಣ್ಣ ಬಾಟಲಿ ಬೆರೆಸಲು ಹೇಳುತ್ತಾರೆ. ಅದರಲ್ಲಿರುವುದು ಮುಖ್ಯವಾಗಿ ಬ್ರೋಮೈಡೇ. ಹೊಸ ಔಷಧವನ್ನು ಪಳಗಿದ ಔಷಧದಂತೆ ನಡೆದುಕೊಳ್ಳುವ ಹಾಗೆ ಮಾಡುವ ಹೆಪ್ಪು ಅದು.

ಇಲ್ಲಿ ಒಂದು ಎಚ್ಚರಿಕೆ. ಮನೆಗೆಂದು ಮಾರುವ ಪುಡಿಯ ಕಿಟ್ಟಿನಲ್ಲಿ ಬರೋದು ರಿಪ್ಲೆನಿಶರ್ ಅಲ್ಲ, ನೇರ ಬಳಸುವ ಡೆವಲಪರ್. ರಿಪ್ಲೆನಿಶರಿನಲ್ಲಿ ಸತ್ವ ಹೆಚ್ಚು, ಬ್ರೋಮೈಡ್ ಕಡಿಮೆ. ಎರಡೂ ಒಂದೇ ಅಂತ ತಿಳಿದು ಕಿಟ್ಟಿನದ್ದನ್ನೇ ಅದೇ ಅಳತೆಯಲ್ಲಿ ಹಾಕುತ್ತಾ ಹೋದರೆ ಸೀಸೆ ನಿಧಾನಕ್ಕೆ ಸೊರಗುತ್ತೆ.

ಇನ್ನೊಂದು ಮಾತು, ಕೆಲವರಿಗೆ ಇದು ಬೇಸರ ಅನ್ನಿಸಬಹುದು. ತಿಂಗಳಿಗೊಂದು ರೋಲು ತೊಳೆಯುವವರಿಗೆ ರಿಪ್ಲೆನಿಶ್ ಮಾಡೋದರಿಂದ ಲಾಭ ಇಲ್ಲ. ಮೊಸರು ಉಣ್ಣುವ ಮಂದಿ ಇಲ್ಲದ ಮನೆಯಲ್ಲಿ ದಿನಾ ಹೆಪ್ಪು ಹಾಕಿದಂಗ ಅದು. ರೋಲು ತಿನ್ನುವುದಕ್ಕಿಂತ ಹೆಚ್ಚು ಗಾಳಿಯೇ ತಿಂದಿರುತ್ತೆ. ಅಂಥವರು ರೋಲು ಕೂಡಿಡಿ. ಡಬ್ಬಿಯ ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ತಿಂಗಳು ಏನೂ ಆಗಲ್ಲ. ಆರೇಳು ಕೂಡಿದ ಮೇಲೆ ಕಿಟ್ ಕಲಸಿ, ಒಂದು ವಾರದಲ್ಲಿ ಎಲ್ಲಾ ತೊಳೆದು ಮುಗಿಸಿ. ವಾರಕ್ಕೆ ಎರಡು ಮೂರು ರೋಲು ನಡೆಯುವವರಿಗೆ ಮಾತ್ರ ರಿಪ್ಲೆನಿಶ್ ಮಾಡೋದು ಸರಿ. ನಮ್ಮಲ್ಲಿಗೆ ಈಗ ಮಗಳ ಗೆಳತಿಯರದ್ದು, ಗದಗ, ಹುಬ್ಬಳ್ಳಿಯ ನಾಲ್ಕಾರು ಹುಡುಗರದ್ದು ಸೇರಿ ಅಷ್ಟು ಬರುತ್ತವೆ.

ಗಾಳಿಯಿಂದ ಕಾಯೋದಕ್ಕೆ ನಮ್ಮ ಉಪಾಯ ಗೋಲಿ ಗುಂಡು. ಔಷಧ ಸ್ವಲ್ಪ ಕಡಿಮೆ ಆದರೆ ಗಾಜಿನ ಗೋಲಿ ತೊಳೆದು ಒಳಗೆ ಬಿಡೋದು, ಮಟ್ಟ ಕತ್ತಿಗೆ ಬರುವವರೆಗೆ. ಗಾಜಿನ ಸೀಸೆಯೇ ಇರಲಿ, ತೆಳ್ಳನೆಯ ಪ್ಲಾಸ್ಟಿಕ್ ಬಾಟಲಿ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತೆ. ಬಿಸಿಲೂ ಅಷ್ಟೇ ಕೆಟ್ಟದು. ಬಚ್ಚಲ ಮೂಲೆಯಲ್ಲಿ ಒಂದು ಅಗಲ ಬುಟ್ಟಿಗೆ ಉಸುಕು ತುಂಬಿ, ನೀರು ಚಿಮುಕಿಸಿ, ಅದರಲ್ಲಿ ಸೀಸೆ ಹೂತಿಡುತ್ತೇವೆ. ನಮ್ಮವ್ವ ಕುಡಿಯುವ ನೀರಿನ ಹರವಿ ಇಡುತ್ತಿದ್ದ ರೀತಿ.

ಬ್ಲೀಚಿನ ಸ್ವಭಾವ ಇದಕ್ಕೆ ಪೂರ್ತಿ ಉಲ್ಟಾ. ಡೆವಲಪರಿಗೆ ಗಾಳಿ ವಿಷ, ಬ್ಲೀಚಿಗೆ ಗಾಳಿಯೇ ಉಸಿರು. ಬ್ಲೀಚಿನಲ್ಲಿ ಕೆಲಸ ಮಾಡೋದು ಕಬ್ಬಿಣದ ಒಂದು ಸಂಯುಕ್ತ. ಬೆಳ್ಳಿಯ ಮೇಲೆ ಕೆಲಸ ಮಾಡಿ ಅದು ದಣಿಯುತ್ತೆ, ಗಾಳಿಯ ಆಮ್ಲಜನಕ ಸಿಕ್ಕರೆ ಮತ್ತೆ ಎದ್ದು ಕೂರುತ್ತೆ. ರೋಲು ಮುಗಿದ ಮೇಲೆ ಅರ್ಧ ಸೀಸೆಯಲ್ಲಿ ಹಾಕಿ ಮಜ್ಜಿಗಿ ಕಡೆದಂಗ ಕುಲುಕಿದರೆ ಸಾಕು. ಮಗಳು ಮೀನಿನ ತೊಟ್ಟಿಯ ಸಣ್ಣ ಪಂಪು ತಂದು ಗುಳುಗುಳು ಗಾಳಿ ಬಿಡುತ್ತಾಳೆ. ಅದಕ್ಕೂ ಆಗಾಗ ಒಂದಿಷ್ಟು ಹೊಸದು ಸೇರಿಸಬೇಕು, ಆದರೂ ಒಂದು ಬ್ಲೀಚು ಬಹಳ ದಿನ ಬಾಳುತ್ತೆ. ಆದರೆ ಬ್ಲೀಚೂ ಫಿಕ್ಸರೂ ಒಂದೇ ಬಾಟಲಿಯಲ್ಲಿ ಕೂಡಿಸಿ ಕೊಡುವ ‘ಬ್ಲಿಕ್ಸ್’ಗೆ ಈ ಆಯುಷ್ಯ ಇಲ್ಲ. ಅದರಲ್ಲಿ ಎರಡೂ ಒಂದನ್ನೊಂದು ತಿಂದುಕೊಳ್ಳುತ್ತಿರುತ್ತವೆ. ಹೆಚ್ಚು ರೋಲು ತೊಳೆಯುವವರು ಬೇರೆ ಬೇರೆ ಬಾಟಲಿಯದ್ದೇ ತಗೊಳ್ಳಿ.

ಫಿಕ್ಸರಿನ ಪರೀಕ್ಷೆ ಸುಲಭ. ರೋಲಿನ ತುದಿಯ ಒಂದು ಚೂರನ್ನು ಹೊಸ ಫಿಕ್ಸರಿಗೆ ಹಾಕಿ ಎಷ್ಟು ಸೆಕೆಂಡಿಗೆ ತಿಳಿಯಾಗುತ್ತೆ ಅಂತ ಬರೆದಿಡಿ. ಬಳಸುತ್ತಾ ಅದರ ಎರಡರಷ್ಟು ಹೊತ್ತು ಬೇಕಾಯಿತು ಅಂದರೆ ಆ ಫಿಕ್ಸರಿನ ಕೆಲಸ ಮುಗಿಯಿತು.

ಡೆವಲಪರಿಗೆ ಅಷ್ಟು ಸುಲಭದ ಪರೀಕ್ಷೆ ಇಲ್ಲ. ಬೆಳಕು ಕಂಡ ತುದಿ ಹಾಕಿದರೆ ಕಪ್ಪಾಗುತ್ತೆ. ಅದು ಔಷಧ ಬದುಕಿದೆ ಅಂತ ಹೇಳುತ್ತೆ, ಬಣ್ಣ ಸರಿ ಬರುತ್ತಾ ಅಂತ ಹೇಳಲ್ಲ. ಅದಕ್ಕೆ ನಾವು ನಮ್ಮದೇ ಪರೀಕ್ಷೆಯ ಪಟ್ಟಿ ಮಾಡಿದೆವು. ಒಂದು ಮುಂಜಾನೆ, ಒಂದೇ ಬೆಳಕಿನಲ್ಲಿ, ಒಂದು ಮಣಿ ಮೇಲೆ ಜೋಳದ ಹಿಟ್ಟು, ಇದ್ದಲಿ, ಅರಿಷಿಣ, ಕುಂಕುಮ, ಹಸಿರು ಬಳಿ ಸಾಲಾಗಿ ಇಟ್ಟು ಇಡೀ ರೋಲು ಅದನ್ನೇ ತೆಗೆದೆವು. ಕತ್ತಲೆಯಲ್ಲಿ ಅದನ್ನು ಸಣ್ಣ ಸಣ್ಣ ತುಂಡು ಮಾಡಿ, ಬೆಳಕು ತಾಗದ ಡಬ್ಬಿಯಲ್ಲಿ ಫ್ರೀಜರಿನೊಳಗೆ ಇಟ್ಟೆವು. ಐದು ರೋಲಿಗೊಮ್ಮೆ ಒಂದು ತುಂಡು ತೊಳೆದು ಮೊದಲನೆಯ ತುಂಡಿನ ಪಕ್ಕ ಇಟ್ಟು ನೋಡುತ್ತೇವೆ. ಅರಿಷಿಣ ಅರಿಷಿಣದಂಗೇ ಇದ್ದರೆ ಮುಂದಕ್ಕೆ. ಹಿಟ್ಟು ಗುಲಾಬಿಗೋ ಹಸಿರಿಗೋ ತಿರುಗಿದ್ದರೆ ಅವತ್ತು ಯಾರ ರೋಲೂ ಮುಟ್ಟುವಂತಿಲ್ಲ.

ನೀರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಬೋರಿನ ನೀರು ಸವಳು. ಔಷಧ ಕಲಸೋದಕ್ಕೂ ಕೊನೆಯ ಜಾಲಾಡಿಗೂ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸುತ್ತೇವೆ. ಇಲ್ಲವಾದರೆ ಫಿಲ್ಮು ಒಣಗಿದ ಮೇಲೆ ಅದರ ಮೇಲೆ ಬಿಳಿ ಬಿಳಿ ಕಲೆ.

ಇನ್ನು ಹೊರಗೆ ಹಾಕುವ ಪಾಲು. ಇದು ಎಲ್ಲಕ್ಕಿಂತ ದೊಡ್ಡ ಮಾತು, ನಮ್ಮಂಥ ಹೊಳಿ ದಂಡಿಯವರಿಗಂತೂ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಕರಗಿರುತ್ತೆ. ನೀರಿನಲ್ಲಿ ಬದುಕುವ ಸಣ್ಣ ಜೀವಗಳಿಗೆ ಅದು ಕೇಡು. ಲ್ಯಾಬಿನ ಕಾಲದಲ್ಲಿ ಹಳೇ ಫಿಕ್ಸರನ್ನೂ ಎಕ್ಸ್‌ರೇ ಫಿಲ್ಮನ್ನೂ ಬೆಳ್ಳಿಗಾಗಿ ಕೊಳ್ಳುವವರು ಕ್ಯಾನ್ ಹಿಡಿದು ಬಾಗಿಲಿಗೇ ಬರುತ್ತಿದ್ದರು. ಮನೆಯಲ್ಲಿ ಬೆಳ್ಳಿ ಇಳಿಸೋದಕ್ಕೆ ಕಬ್ಬಿಣದ ನಾರು ಸಾಕು. ಒಂದು ಬಕೆಟ್ಟಿನಲ್ಲಿ ಹಳೇ ಫಿಕ್ಸರಿಗೆ ಅದನ್ನು ಹಾಕಿ ಎರಡು ಮೂರು ದಿನ ಬಿಟ್ಟರೆ ಕಬ್ಬಿಣ ಕರಗಿ, ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕೆ ಕೂರುತ್ತೆ. ಪಾತ್ರೆ ತಿಕ್ಕುವ ಹೊಳೆಯುವ ಸ್ಟೀಲ್ ಸ್ಕ್ರಬ್ಬರ್ ನಡೆಯೋದಿಲ್ಲ, ಅದು ತುಕ್ಕು ಹಿಡಿಯದ ಉಕ್ಕು. ತುಕ್ಕು ಹಿಡಿಯುವ ನಾರೇ ಬೇಕು. ಬೆಳ್ಳಿ ಇಳಿದ ಮೇಲೂ ಆ ನೀರನ್ನು, ಉಳಿದ ಡೆವಲಪರನ್ನು ನಾವು ಗಟಾರಕ್ಕೆ ಬಿಡೋದಿಲ್ಲ. ಬೇರೆ ಬೇರೆ ಕ್ಯಾನಿಗೆ ತುಂಬಿ, ಹುಬ್ಬಳ್ಳಿಗೆ ಹೋದಾಗ ಪರಿಚಯದ ಲ್ಯಾಬಿನವರ ತ್ಯಾಜ್ಯದ ಜೊತೆ ಕೊಟ್ಟು ಬರುತ್ತೇನೆ. ಹೊತ್ತುಕೊಂಡು ಹೋಗುವ ಭಾರ ಕೈಗೆ ಗೊತ್ತಾದ ಮೇಲೆ ಔಷಧ ಕಡಿಮೆ ಖರ್ಚು ಮಾಡುವ ಬುದ್ಧಿಯೂ ತಾನೇ ಬಂತು. ನಮ್ಮ ಮನಿ ಹೊಳಿ ತಗೊಂಡು ಹೋಯಿತು ಅಂತ ಸಿಟ್ಟಿನಿಂದ ಹೊಳಿಗೆ ಇದನ್ನು ಕುಡಿಸೋಕಾಗುತ್ತಾ? ಅವ್ವ ಕೊನೆತನಕ ಅದನ್ನ ಗಂಗವ್ವ ಅಂತಲೇ ಕರೀತಿದ್ದಳು.

ಅವ್ವನ ಆ ರೋಲಿನಲ್ಲಿ ಒಂದು ಫೋಟೋ ಮಾತ್ರ ತಕ್ಕಮಟ್ಟಿಗೆ ನಿಂತಿದೆ. ಕಿಟಕಿಯ ಹತ್ತಿರ ಸಂಜೆ ಬಿಸಿಲು ಮುಖಕ್ಕೆ ನೇರ ಬಿದ್ದದ್ದು. ಮಗಳು ಗಾಬರಿಯಲ್ಲಿ ಬೆಳಕು ಹೆಚ್ಚಿಗೆ ಬಿಟ್ಟಿದ್ದಳಂತೆ. ಆ ಹೆಚ್ಚಿನ ಬೆಳಕಿನಿಂದಲೇ ದಣಿದ ಔಷಧದಲ್ಲೂ ಒಂದಿಷ್ಟು ಬಣ್ಣ ಹುಟ್ಟಿದೆ. ಅದನ್ನು ಕಪ್ಪುಬಿಳುಪು ಮಾಡಿ ಕಟ್ಟು ಹಾಕಿಸಿದ್ದೇವೆ. ನೋಡಿದವರು ‘ಹಳೇ ಕಾಲದ ಫೋಟೋ ಏನ್ರೀ?’ ಅಂತ ಕೇಳುತ್ತಾರೆ. ಹೌದು ಅನ್ನುತ್ತೇನೆ.

ಈಗ ಸೀಸೆಗಳ ಯಜಮಾನಿಕೆ ಮಗಳದ್ದು. ಕಿರಾಣಿ ಅಂಗಡಿಯ ಉದ್ರಿ ವಹಿಯಂಥ ಕೆಂಪು ಬುಕ್ಕು ಬಚ್ಚಲ ಬಾಗಿಲಿಗೆ ದಾರದಲ್ಲಿ ಕಟ್ಟಿದ್ದಾಳೆ. ತಾರೀಖು, ರೋಲಿನ ನಂಬರು, ಎಷ್ಟು ತೆಗೆದದ್ದು, ಎಷ್ಟು ಹಾಕಿದ್ದು, ಪಟ್ಟಿ ನೋಡಿದ್ದು. ಹೋದ ವಾರ ಅವಳು ಗದಗಕ್ಕೆ ಕಾಲೇಜಿಗೆ ಹೋಗಿದ್ದಾಗ ರಿಪ್ಲೆನಿಶರ್ ಖಾಲಿಯಾಗಿತ್ತು. ಒಬ್ಬ ಹುಡುಗ ಅವನ ಅಕ್ಕನ ಸೀಮಂತದ ರೋಲು ತಂದಿದ್ದ. ಫೋನ್ ಮಾಡಿ ಕೇಳಿದೆ, ‘ಇದೊಂದು ರೋಲು ಹಂಗ ತೊಳೀಲೇನವ್ವಾ? ಬರ್ತೈತಿ ಅನಸ್ತೈತಿ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಅಪ್ಪಾ, ಆ ಹುಡುಗನ ರೋಲು ಫ್ರಿಜ್ಜಿನ್ಯಾಗ ಇಡು. ನಾ ಶನಿವಾರ ಬರಬೇಕಾದ್ರ ತರ್ತೀನಿ.’

ಇಟ್ಟೆ.

ಮನೆಯಲ್ಲಿ ತೊಳೆಯುವವರು ಮರೆಯಬಾರದ್ದು

* ಕೈಗವಸು ಇಲ್ಲದೆ ಕಲರ್ ಡೆವಲಪರ್ ಮುಟ್ಟಬೇಡಿ. ಕೆಲವರಿಗೆ ಚರ್ಮಕ್ಕೆ ಅಲರ್ಜಿ ಆಗುತ್ತೆ, ಒಮ್ಮೆ ಆದರೆ ಪ್ರತಿ ಸಲ ಆಗುತ್ತೆ. ಕಿಟಕಿ ತೆರೆದಿರಲಿ.
* ಅಡಿಗೆ ಮನೆಯ ಅಳತೆ ಲೋಟ, ಚಮಚ ತರಬೇಡಿ. ತಂದದ್ದನ್ನು ವಾಪಸು ಒಯ್ಯಬೇಡಿ. ಕುಡಿಯುವ ನೀರಿನ, ಕೂಲ್‌ಡ್ರಿಂಕ್ಸಿನ ಬಾಟಲಿಯಲ್ಲಿ ಔಷಧ ತುಂಬಲೇಬೇಡಿ. ಮಕ್ಕಳಿರುವ ಮನೆ ಅಂದರೆ ಬೀಗ ಇರಲಿ.
* ಪ್ರತಿ ಸೀಸೆಯ ಮೇಲೆ ಹೆಸರು, ಕಲಸಿದ ತಾರೀಖು. ಮುಚ್ಚಳ ಅದಲು ಬದಲಾಗ್ದಂತೆ ಬೇರೆ ಬೇರೆ ಬಣ್ಣದ ಟೇಪು.
* ಬ್ಲೀಚಿನ, ಬ್ಲಿಕ್ಸಿನ ಒಂದು ಹನಿಯೂ ಡೆವಲಪರಿಗೆ ಬೀಳಬಾರದು. ಟ್ಯಾಂಕು, ರೀಲು ಪ್ರತಿ ಸಲ ಚೆನ್ನಾಗಿ ತೊಳೆದು ಒಣಗಿಸಿ.
* ಸಿನಿಮಾ ಶೂಟಿಂಗಿನ ಫಿಲ್ಮನ್ನು ಕತ್ತರಿಸಿ ಸುತ್ತಿ ಮಾರುವ ರೋಲುಗಳಲ್ಲಿ ಹಲವಕ್ಕೆ ಬೆನ್ನ ಮೇಲೆ ಮಸಿಯ ಪದರ ಇರುತ್ತೆ. ಕೇಳದೆ ಸಿ-41 ಸೀಸೆಗೆ ಹಾಕಿದರೆ ಮಸಿ ಬಿಟ್ಟು ಔಷಧ ಹಾಳಾಗುತ್ತೆ.
* ಮತ್ತೆ ತೆಗೆಯಲಾಗದ ಫೋಟೋ ಇರುವ ರೋಲಿಗೆ ಯಾವತ್ತೂ ಸೀಸೆಯ ಕೊನೆಯ ಔಷಧ ಬೇಡ. ಮತ್ತೆ ತೆಗೆಯಬಹುದು ಅಂತ ನಿಮಗೆ ಅನ್ನಿಸಿದ ರೋಲಿಗೂ ಬೇಡ.